ವೀರಗಲ್ಲಿನ ಎರಡನೆಯ ಸಾಲು

ಕೊರೊನಾ ಕಳೆದು ತರಗತಿಗಳು ಮತ್ತೆ ತುಂಬಿಕೊಂಡ ವರ್ಷ. ಆಗ ನಾನು ಚಳ್ಳಕೆರೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಪಾಠದ ಜೊತೆಗೆ ನನಗಿದ್ದ ಇನ್ನೊಂದು ಕಸುಬೆಂದರೆ ಶಾಸನ ಓದುವುದು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಹೊಲ ಉಳುವಾಗಲೋ ಕೆರೆಯ ಹೂಳು ತೆಗೆಯುವಾಗಲೋ ಅಕ್ಷರವಿದ್ದ ಕಲ್ಲು ಸಿಕ್ಕರೆ ಯಾರಾದರೂ ನನಗೆ ಫೋನ್ ಮಾಡುತ್ತಿದ್ದರು. ಹೆಚ್ಚಿನವು ಸಾಧಾರಣ ಕಲ್ಲುಗಳು. ಯಾರೋ ಗುಡಿಗೆ ಭೂಮಿ ಬಿಟ್ಟದ್ದು, ಯಾರೋ ಕೆರೆ ಕಟ್ಟಿಸಿದ್ದು, ಯಾರೋ ಸತ್ತದ್ದು. ಆ ಕೆಲಸದಲ್ಲಿ ನನಗೆ ದಣಿವಾದದ್ದುಂಟು, ನಿರಾಸೆಯಾದದ್ದುಂಟು. ಹೇಸಿಗೆಯಾದದ್ದು ಒಂದೇ ಸಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಸಲ ಫೋನ್ ಬಂದದ್ದು ಮೊಳಕಾಲ್ಮುರಿನ ತಹಸೀಲ್ದಾರರಿಂದ. ದೇವಸಮುದ್ರದ ಕಡೆ ಒಂದು ಶೇಂಗಾ ಹೊಲದ ಬದುವಿನಲ್ಲಿ ವೀರಗಲ್ಲು ಸಿಕ್ಕಿದೆ, ಅದರ ಸಲುವಾಗಿ ಎರಡು ಗುಂಪಿನವರು ಹೊಡೆದಾಡುವ ಹಂತಕ್ಕೆ ಬಂದಿದ್ದಾರೆ, ತಾವು ಬಂದು ಓದಿ ಒಂದು ವರದಿ ಕೊಟ್ಟರೆ ಶಾಂತಿ ಸಭೆ ಕರೆಯುತ್ತೇನೆ ಎಂದರು.

ವೀರಗಲ್ಲು ಎಂದರೆ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ದೇವಕನ್ಯೆಯರು, ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಪಟ್ಟಿಗಳ ನಡುವಿನ ಜಾಗದಲ್ಲಿ ಕೆಲವೊಮ್ಮೆ ಎರಡು ಮೂರು ಸಾಲು ಬರಹ ಇರುತ್ತದೆ. ನಮ್ಮ ಕಡೆ ಇವಕ್ಕೇನೂ ಬರವಿಲ್ಲ. ಜಗಳ ಹತ್ತಿದ್ದು ಕಲ್ಲಿನ ಮೇಲಿದ್ದ ಒಂದು ಹೆಸರಿಗೆ: ಬೊಪ್ಪರಸ.

ಬೊಪ್ಪರಸ ಎಂಬ ಸಣ್ಣ ಅರಸ ತಮ್ಮ ಮೂಲಪುರುಷ ಎಂದು ಈ ಭಾಗದ ಎರಡು ಸಮುದಾಯಗಳು ಹೇಳಿಕೊಳ್ಳುತ್ತವೆ. ಆ ಸಮುದಾಯಗಳ ಹೆಸರನ್ನು ನಾನು ಬರೆಯುವುದಿಲ್ಲ. ಯಾವ ಎರಡು ಹೆಸರು ಹಾಕಿಕೊಂಡರೂ ಕಥೆ ಬದಲಾಗುವುದಿಲ್ಲ. ಒಂದು ಗುಂಪಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ಮುಂದಾಳು, ಇನ್ನೊಂದಕ್ಕೆ ಮೊಳಕಾಲ್ಮುರಿನ ರಸ್ತೆ ಗುತ್ತಿಗೆದಾರರು. ಕಲ್ಲು ಸಿಕ್ಕ ವಾರದಲ್ಲೇ ಪತ್ರಿಕೆಯ ಸ್ಥಳೀಯ ಪುಟದಲ್ಲಿ 'ಬೊಪ್ಪರಸನ ವೀರಮರಣದ ಶಾಸನ ಪತ್ತೆ' ಎಂಬ ಲೇಖನ ಬಂದಿತ್ತು. ಅದನ್ನು ಬರೆದವನು ನನ್ನ ಶಿಷ್ಯ ರುದ್ರೇಶ.

ರುದ್ರೇಶನ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಕೈಕೆಳಗೆ ಓದಿದವರಲ್ಲಿ ಶಾಸನದ ಕಣ್ಣು ಇದ್ದವನು ಅವನೊಬ್ಬನೇ. ಎಂ.ಎ. ಓದುವಾಗ ಭಾನುವಾರಗಳಂದು ಅವನನ್ನು ಸಿದ್ದಾಪುರದ ಬಂಡೆಗಳ ಕಡೆಗೆ ಕರೆದೊಯ್ಯುತ್ತಿದ್ದೆ. ಅಶೋಕನ ಶಾಸನದ ಮುಂದೆ ಕೂತು ಬ್ರಾಹ್ಮಿ ಲಿಪಿಯ ಒಂದೊಂದು ಅಕ್ಷರವನ್ನೂ ಅವನು ಬೆರಳಿನಲ್ಲಿ ಗಾಳಿಯ ಮೇಲೆ ಬರೆದು ಕಲಿತ. ಮುಂದೆ ಡಾಕ್ಟರೇಟ್ ಮಾಡಿ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕನಾದ. ಅವನ ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆಲ್ಲ ನನ್ನನ್ನು ತೋರಿಸಿ "ನನಗೆ ಅಕ್ಷರ ಕೊಟ್ಟೋರು" ಎಂದಿದ್ದ.

ಹೊಲಕ್ಕೆ ಹೋದಾಗ ಬೆಳಗಿನ ಬಿಸಿಲು ಏರುತ್ತಿತ್ತು. ದೇವಸಮುದ್ರದವರೆಗೆ ಬಸ್ಸು, ಅಲ್ಲಿಂದ ಗ್ರಾಮ ಲೆಕ್ಕಿಗರ ಮೋಟಾರ್ ಸೈಕಲ್ಲು. ಬದುವಿನ ಈಚೆಗೆ ಒಂದು ಬಣ್ಣದ ಬಾವುಟ, ಆಚೆಗೆ ಇನ್ನೊಂದು. ನಡುವೆ ಒಬ್ಬ ಪೇದೆ ಟವಲನ್ನು ತಲೆಗೆ ಸುತ್ತಿಕೊಂಡು ಕೂತಿದ್ದ. ಹೊಲದ ಒಡತಿ ಬೊಮ್ಮಕ್ಕ, ಅರವತ್ತರ ಹತ್ತಿರದ ಹೆಂಗಸು, ಬದುವಿನ ಮೇಲೇ ನಿಂತು ಎರಡೂ ಕಡೆಯವರನ್ನು ಸಮನಾಗಿ ಬಯ್ಯುತ್ತಿದ್ದಳು. ಬಯ್ಗುಳ ಅರ್ಧ ಕನ್ನಡ, ಅರ್ಧ ತೆಲುಗು.

"ನೋಡ್ರಿ ಮೇಡಮ್ನೋರೆ, ಬಿತ್ತಿದ ಹೊಲ ಎಂಗೆ ತುಳ್ದಾರೆ! ಈ ಕಲ್ಲು ನಮ್ಮತ್ತೆ ಕಾಲದಾಗಿಂದ ಇಲ್ಲೇ ಮಕ್ಕಾಡೆ ಬಿದ್ದಿತ್ತು. ಹಸ ಈದಾಗ ಒಂದೀಟು ಗಿಣ್ಣಾಲು ಎರೀತಿದ್ವಿ, ಅಷ್ಟೇ. ಟ್ರಾಕ್ಟ್ರು ತಗುಲಿ ಮಗ್ಗುಲಾತು ನೋಡ್ರಿ, ಶುರುವಾತು ಇವರ ಕುಣ್ತ."

ಕಲ್ಲನ್ನು ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ತೊಳೆದೆ. ಬೊಮ್ಮಕ್ಕನೇ ಬಿಂದಿಗೆಯಲ್ಲಿ ನೀರು ತಂದುಕೊಟ್ಟಳು. ಶಾಸನದ ಅಚ್ಚು ತೆಗೆಯುವುದು ಸರಳ ಕೆಲಸ, ಆದರೆ ಆತುರ ಕೂಡದು. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗಳಿಗೆ ಇಳಿಸಬೇಕು. ಕಾಗದ ಒಣಗುತ್ತ ಬಂದಾಗ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ಕಾಗದದ ಮೈ ಕಪ್ಪಾಗುತ್ತದೆ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಮೂರು ಸಾಲುಗಳಿದ್ದವು. ಮೊದಲನೆಯದು ಸಾಕಷ್ಟು ಸವೆದಿತ್ತು. ಎರಡನೆಯ, ಮೂರನೆಯ ಸಾಲುಗಳು ಮಣ್ಣಿನಲ್ಲಿ ಬೋರಲು ಬಿದ್ದ ಪುಣ್ಯಕ್ಕೆ ನಿನ್ನೆ ಕೊರೆದಂತೆ ಇದ್ದವು. ಅಕ್ಷರಗಳ ಆಕಾರ ಸುಮಾರು ಹನ್ನೆರಡನೆಯ ಶತಮಾನದ್ದು.

ಇಂದಿನ ಲಿಪಿಯಲ್ಲಿ ಬರೆದರೆ ಎರಡನೆಯ ಸಾಲು ಹೀಗಿತ್ತು: 'ಬೊಪ್ಪರಸಂ ತುರುವಂ ಕೊಳೆ ಕೇತವ್ವೆಯ ಮಗಂ'. ಮೂರನೆಯದು: 'ಮಾರಂ ತುರುವಂ ಮಗುಳ್ಚಿ ಸತ್ತಂ ತಾಯ್ ಕಲ್ಲ ನಿಲಿಸಿದಳ್'.

ತುರು ಎಂದರೆ ದನದ ಹಿಂಡು. 'ಕೊಳೆ' ಎಂಬುದು ಇಂದಿನ ಕೊಳೆಯಲ್ಲ; ಹಳಗನ್ನಡದಲ್ಲಿ 'ಕೊಳ್ಳಲಾಗಿ', ಅಂದರೆ 'ಹಿಡಿದೊಯ್ದಾಗ' ಎಂಬ ಅರ್ಥ. ಬೊಪ್ಪರಸನು ದನಗಳನ್ನು ಹೊಡೆದುಕೊಂಡು ಹೋದಾಗ, ಕೇತವ್ವೆ ಎಂಬವಳ ಮಗ ಮಾರ ಅವನ್ನು ಮರಳಿಸಿ ತಂದು ಸತ್ತ. ತಾಯಿ ಈ ಕಲ್ಲನ್ನು ನಿಲ್ಲಿಸಿದಳು. ಇಷ್ಟೇ. ಬೊಪ್ಪರಸ ಇಲ್ಲಿ ಸತ್ತವನಲ್ಲ, ಸಾಯಿಸಿದ ಕಡೆಯವನು.

ಬೊಮ್ಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಮೆಲ್ಲಗೆ ಅವಳಿಗೆ ಅರ್ಥ ಹೇಳಿದೆ.

"ಅಂಗಾರೆ ಅವ್ವ ನಿಲ್ಸಿದ ಕಲ್ಲಾ?" ಎಂದಳು. "ಅಪ್ಪ ಇರ್ಲಿಲ್ವೇನೋ ಪಾಪ."

ನನಗೆ ಅದು ಹೊಳೆದಿರಲಿಲ್ಲ ಎಂದಲ್ಲ. ಆದರೆ ಎಂಟು ನೂರು ವರ್ಷದ ಹಿಂದಿನ ಹೆಂಗಸೊಬ್ಬಳ ಮನೆಯಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ಆ ಹೊಲದಲ್ಲಿ ಕೇಳಿದವಳು ಅವಳೊಬ್ಬಳೇ. ಬಾವುಟ ಹಿಡಿದವರು ಕೇಳಿದ್ದು ಬೇರೆ. "ಮೇಡಂ, ನಮ್ಮೋರು ಅಂತ ಬಂತಾ?" ಎಂದು ಈಚೆಯಿಂದ ಒಬ್ಬ, "ಮೇಡಂ, ನಮ್ದಾ?" ಎಂದು ಆಚೆಯಿಂದ ಒಬ್ಬ. ವರದಿಯನ್ನು ತಹಸೀಲ್ದಾರರಿಗೆ ಕೊಡುತ್ತೇನೆ ಎಂದಷ್ಟೇ ಹೇಳಿ ಹೊರಟೆ.

ಎರಡು ದಿನ ಬಿಟ್ಟು ಸಂಜೆ ರುದ್ರೇಶ ಚಳ್ಳಕೆರೆಯ ನಮ್ಮ ಮನೆಗೆ ಬಂದ. ಹಣ್ಣು ತಂದಿದ್ದ. ಎಂದಿನಂತೆ ಕಾಲು ಮುಟ್ಟಿ ನಮಸ್ಕರಿಸಿ ಚಾಪೆಯ ಮೇಲೇ ಕೂತ. ಫೋಟೋ ನೋಡಿ ಅವಸರದಲ್ಲಿ ಬರೆದು ಎಡವಿದ್ದಾನೆ, ತಿದ್ದಿಕೊಳ್ಳಲು ಬಂದಿದ್ದಾನೆ ಎಂದೇ ನಾನು ಭಾವಿಸಿದ್ದೆ. ಎಲ್ಲರೂ ಎಡವುತ್ತಾರೆ. ಅಚ್ಚನ್ನು ಮೇಜಿನ ಮೇಲೆ ಹರಡಿದೆ.

"ಓದಪ್ಪ," ಎಂದೆ.

ಅವನು ಬಗ್ಗಿ ಓದಿದ. ಒಂದು ಅಕ್ಷರವೂ ತಪ್ಪಲಿಲ್ಲ. 'ಕೊಳೆ' ಎಂಬಲ್ಲಿ ತುಸು ನಿಂತು, ನಾನು ಕಲಿಸಿದ ಹಾಗೆಯೇ ಮಾತನ್ನು ಬಿಡಿಸಿ ಹೇಳಿದ: ಬೊಪ್ಪರಸಂ, ಕರ್ತೃ, ತುರುವಂ, ಕರ್ಮ, ಕೊಳೆ, ಇಲ್ಲಿಗೆ ಒಂದು ಕ್ರಿಯೆ ಮುಗಿಯಿತು, ಮುಂದಿನ ಕರ್ತೃ ಬೇರೆ, ಮಾರಂ.

"ಮತ್ತೆ ಪತ್ರಿಕೆಗೆ ಬೊಪ್ಪರಸ ಸತ್ತ ಅಂತ ಬರ್ದಿದ್ದೀಯಲ್ಲ?"

"ಗೊತ್ತು ಮೇಡಂ. ಬರೆಯೋವಾಗ್ಲೇ ಗೊತ್ತಿತ್ತು."

ಅವನು ಅದನ್ನು ನಾಚಿಕೆಯಿಂದ ಹೇಳಲಿಲ್ಲ. ಧೈರ್ಯದಿಂದಲೂ ಅಲ್ಲ. ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿದ. ಬಂದ ವಿಷಯವನ್ನು ಅವನು ಒಂದೊಂದಾಗಿ ಇಟ್ಟ. ಎರಡೂ ಕಡೆಯವರು ಸ್ಮಾರಕ ಗ್ರಂಥ ತರುತ್ತಿದ್ದಾರೆ, ಎರಡಕ್ಕೂ ಅವನೇ ಸಂಪಾದಕ. ಎಲ್ಲರಿಗೂ ಬೊಪ್ಪರಸ ಬೇಕು.

"ನೀವು ಸುಳ್ಳು ಬರೀರಿ ಅಂತ ನಾನು ಕೇಳ್ತಿಲ್ಲ ಮೇಡಂ. ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ, ಗೊತ್ತು. 'ಎರಡನೆಯ ಸಾಲು ಅಸ್ಪಷ್ಟ' ಅಂತ ಒಂದು ಪದ ಹಾಕಿ ಸಾಕು. ಉಳಿದದ್ದು ನಾನು ನೋಡ್ಕೊಳ್ತೀನಿ."

"ಸ್ಪಷ್ಟ ಐತಲ್ಲೋ. ಈಗ ತಾನೇ ನೀನೇ ಓದ್ದೆ."

"ಇತಿಹಾಸ ಅಂದ್ರೆ ವ್ಯಾಖ್ಯಾನ ಅಂತ ನೀವೇ ಅಲ್ವಾ ಮೇಡಂ ಮೊದಲ್ನೇ ಕ್ಲಾಸಲ್ಲಿ ಹೇಳ್ತಿದ್ದದ್ದು? ಜನಕ್ಕೆ ಒಬ್ಬ ದೊಡ್ಡೋನು ಬೇಕು. ಅದೂ ಒಂದು ಸತ್ಯಾನೇ."

ಅವನ ಮಾತಿನಲ್ಲಿ ಒಂದು ತುಣುಕು ನಿಜವಿದೆ. ನಮ್ಮವರಲ್ಲಿ ಒಬ್ಬ ಅರಸನಿದ್ದ ಎಂಬ ಹಂಬಲ ಹುಟ್ಟುವುದು, ಇಂದು ನಮ್ಮನ್ನು ಯಾರೂ ಎಣಿಸುತ್ತಿಲ್ಲ ಎಂಬ ನೋವಿನಿಂದ. ಆ ನೋವನ್ನು ನಾನು ಹಗುರವಾಗಿ ಕಾಣುವವಳಲ್ಲ. ಆದರೆ ವ್ಯಾಖ್ಯಾನ ಶುರುವಾಗುವುದು ಓದಿದ ಮೇಲೆ. ಬೊಪ್ಪರಸ ಯಾಕೆ ದನ ಹಿಡಿದ, ಅದು ಕಳವೋ ಯುದ್ಧವೋ, ಆ ಕಾಲದ ನೀತಿ ಏನು ಹೇಳುತ್ತಿತ್ತು, ಇವೆಲ್ಲ ವ್ಯಾಖ್ಯಾನ. ಹತ್ತು ಜನ ಹತ್ತು ಬಗೆಯಲ್ಲಿ ಹೇಳಲಿ. ಕಲ್ಲಿನ ಮೇಲಿನ ಅಕ್ಷರ ಇಲ್ಲ ಎನ್ನುವುದಕ್ಕೆ ಕನ್ನಡದಲ್ಲಿ ಬೇರೆ ಮಾತಿದೆ. ಅದನ್ನೇ ಅವನಿಗೆ ಹೇಳಿದೆ.

ಅವನು ನಕ್ಕ. "ನಿಮ್ಮಿಷ್ಟ ಮೇಡಂ. ನಿಮ್ಮ ನಿವೃತ್ತಿಗೆ ಎರಡೂ ಕಡೆಯೋರು ಸೇರಿ ದೊಡ್ಡ ಸನ್ಮಾನ ಮಾಡ್ಬೇಕು ಅಂತಿದ್ರು." ಎದ್ದು ಹೊರಟ. ಹಣ್ಣನ್ನು ಎದುರು ಮನೆಯ ಕುರಿಗೆ ಹಾಕಿದೆ. ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ಶಾಂತಿ ಸಭೆ ಮೊಳಕಾಲ್ಮುರಿನ ತಾಲ್ಲೂಕು ಕಚೇರಿಯಲ್ಲಿ ನಡೆಯಿತು. ತಹಸೀಲ್ದಾರರು ನಡುವೆ, ಎಡಕ್ಕೆ ಮಿಲ್ಲಿನ ಯಜಮಾನರ ಕಡೆಯವರು, ಬಲಕ್ಕೆ ಗುತ್ತಿಗೆದಾರರ ಕಡೆಯವರು. ರುದ್ರೇಶ ಹಿಂದಿನ ಸಾಲಿನಲ್ಲಿ ಕೂತಿದ್ದ. ಬೊಮ್ಮಕ್ಕನನ್ನು ಯಾರೂ ಕರೆದಿರಲಿಲ್ಲ. ತಾನೇ ಬಂದು ಬಾಗಿಲ ಬಳಿ ನಿಂತಿದ್ದಳು. ಅಚ್ಚನ್ನು ಗೋಡೆಗೆ ತೂಗುಹಾಕಿ, ಬೆತ್ತದ ತುದಿಯಿಂದ ಅಕ್ಷರ ತೋರಿಸುತ್ತ ಸ್ಪಷ್ಟವಿದ್ದ ಎರಡು ಸಾಲನ್ನೂ ಓದಿ ಅರ್ಥ ಹೇಳಿದೆ.

"ಕೊಳೆ ಅಂದ್ರೆ ಗಲೀಜಲ್ವಾ ಮೇಡಂ?" ಎಂದು ಯಾರೋ ಕೇಳಿದರು. ನಗು ಎದ್ದಿತು. ಮತ್ತೊಮ್ಮೆ ವಿವರಿಸಿದೆ. ಅರ್ಥವಾದ ಮೇಲೆ ನಗು ನಿಂತಿತು.

ಮಿಲ್ಲಿನ ಯಜಮಾನರು ಎದ್ದು ನಿಂತರು. "ಏನ್ರೀ ಮೇಡಂ, ನಮ್ಮ ಹಿರೇರನ್ನ ದನಗಳ್ಳ ಅಂತೀರಾ?"

"ಹಾಗೆ ಕಲ್ಲು ಹೇಳಿಲ್ಲ, ನಾನೂ ಹೇಳಿಲ್ಲ. ಆ ಕಾಲದಲ್ಲಿ ದನ ಹಿಡಿಯೋದು ಯುದ್ಧದ ಒಂದು ರೀತಿ. ಅರಸರೆಲ್ಲ ಮಾಡ್ತಿದ್ರು. ಬೊಪ್ಪರಸ ಬೇರೆ ಕಡೆ ಕೆರೆ ಕಟ್ಟಿಸಿರಬಹುದು, ಗುಡಿ ಕಟ್ಟಿಸಿರಬಹುದು. ಈ ಕಲ್ಲು ಮಾತ್ರ ಅವನದ್ದಲ್ಲ. ಮಾರ ಅನ್ನೋನದ್ದು."

ಈಗ ಗುತ್ತಿಗೆದಾರರ ಸರದಿ. "ಸರಿ. ಆ ಮಾರ ಯಾವ ಜಾತಿ?"

"ಬರೆದಿಲ್ಲ."

"ಊರು?"

"ಇದೇ ಸುತ್ತು ಇರಬೇಕು. ತಾಯಿಯ ಹೆಸರು ಮಾತ್ರ ಇದೆ."

ಅವರು ಕುರ್ಚಿಗೆ ಒರಗಿಕೊಂಡರು. "ಜಾತೀನೇ ಗೊತ್ತಿಲ್ಲ ಅಂದ್ಮೇಲೆ ಅವನ್ನ ಕಟ್ಕೊಂಡು ಏನ್ ಮಾಡಾಣ ಬಿಡ್ರಿ!"

ಇಡೀ ಸಭೆ ಒಮ್ಮೆಲೇ ಒಪ್ಪಿದ್ದು ಆ ಮಾತನ್ನು. ಎಡದವರೂ ಬಲದವರೂ ತಲೆಯಾಡಿಸಿದರು. ಊರಿನ ದನ ಉಳಿಸಲು ಹೋಗಿ ಸತ್ತವನು, ಕಲ್ಲು ಕಡಿಯುವವನನ್ನು ಹುಡುಕಿ ನಿಲ್ಲಿಸಿದ ತಾಯಿ, ಇಬ್ಬರನ್ನೂ ಒಂದು ಚಹಾ ಕುಡಿಯುವಷ್ಟರಲ್ಲಿ ಹೊರಗೆ ಹಾಕಿದರು. ತಹಸೀಲ್ದಾರರು ಪೆನ್ನಿನ ಮುಚ್ಚಳ ಹಾಕುತ್ತ, "ವರದಿ ಪರಿಶೀಲನೆಯಲ್ಲಿ ಇರಲಿ" ಎಂದರು. ಹೊರಗೆ ಬಂದರೆ, ಹಿಂದಿನ ವಾರ ಒಬ್ಬರನ್ನೊಬ್ಬರು ಸಿಗಿಯುತ್ತೇವೆ ಎಂದಿದ್ದ ಇಬ್ಬರು ಮುಂದಾಳುಗಳು ಬೇವಿನ ಮರದ ಕೆಳಗೆ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು. ನಡುವೆ ರುದ್ರೇಶ. ನನ್ನನ್ನು ಕಂಡು ಮೂವರೂ ಕೈಮುಗಿದರು.

ನಾಲ್ಕಾರು ವಾರ ಕಳೆದ ಮೇಲೆ ಬೊಮ್ಮಕ್ಕ ಯಾರದೋ ಮೊಬೈಲಿನಿಂದ ಫೋನ್ ಮಾಡಿದಳು. "ಮೇಡಮ್ನೋರೆ, ಕಲ್ಲು ಒಯ್ದ್ರು. ಕ್ರೇನ್ ತಂದಿದ್ರು. ಹೊಲ ನಿಂದು, ಕಲ್ಲು ಸಮಾಜದ್ದು ಅಂದ್ರು. ನಾಡಿದ್ದು ಮಂಟಪ ಮಾಡಿ ಪೂಜೆ ಐತಂತೆ. ನೀವು ಬರ್ತೀರಾ?"

ನಮ್ಮ ಪ್ರಾಂಶುಪಾಲರು ಹೋಗಬೇಡಿ ಎಂದರು. ರಜೆ ಹಾಕಿ ಹೋದೆ. ರಸ್ತೆ ಬದಿಯಲ್ಲಿ ಗ್ರಾನೈಟ್ ಕಟ್ಟೆ, ನಾಲ್ಕು ಕಂಬದ ಮಂಟಪ, ಎರಡೂ ಬಣ್ಣದ ಬಾವುಟಗಳು ಒಂದೇ ಕೋಲಿಗೆ. ಬೊಪ್ಪರಸ 'ಸಮಸ್ತ ನಾಡಿನ ಅರಸ' ಎಂದು ಫಲಕದಲ್ಲಿತ್ತು. ಎರಡು ಸಮುದಾಯಗಳ ಬದಲು ಸಮಸ್ತ ನಾಡು, ಜಗಳ ಮುಗಿದಿತ್ತು. ಕಲ್ಲಿಗೆ ತಲೆಯಿಂದ ಬುಡದವರೆಗೆ ಚಿನ್ನದ ಬಣ್ಣದ ಆಯಿಲ್ ಪೇಂಟ್ ಬಳಿದಿದ್ದರು. ದೇವಕನ್ಯೆಯರಿಗೆ ಕೆಂಪು ತುಟಿ ಬಂದಿತ್ತು, ವೀರನಿಗೆ ಕರಿಯ ಮೀಸೆ.

ಮಂತ್ರಿಗಳೊಬ್ಬರು ಹಾರ ಹಾಕಿದರು. ರುದ್ರೇಶ ನಿರೂಪಣೆ ಮಾಡಿದ. ಅವನ ಕನ್ನಡ ಯಾವಾಗಲೂ ಚೆನ್ನ. "ಸತ್ಯವನ್ನೇ ನುಡಿಯಬೇಕು ಎಂದು ಬಂಡೆಯ ಮೇಲೆ ಬರೆಸಿದ ಅಶೋಕನ ನೆಲವಿದು" ಎಂದು ಶುರುಮಾಡಿದ. ಆ ಮಾತು ಸಿದ್ದಾಪುರದ ಬಂಡೆಯ ಮೇಲೆ ಇರುವುದು ನಿಜ. ಎಲ್ಲಿದೆ ಎಂದು ಬೆರಳಿಟ್ಟು ಅವನಿಗೆ ತೋರಿಸಿಕೊಟ್ಟವಳು ನಾನು. ಜನ ಚಪ್ಪಾಳೆ ತಟ್ಟಿದರು. ನನಗೆ ಬಾಯಲ್ಲಿ ಕಹಿ ನೀರು ಬಂದಿತು. ಹಿಂದಕ್ಕೆ ಹೋಗಿ ಶಾಮಿಯಾನದ ಹಗ್ಗದ ಬಳಿ ನಿಂತು ಉಗುಳಿ ಬಂದೆ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಕಲ್ಲಿನ ಹತ್ತಿರ ಹೋದೆ. ಬಣ್ಣವಾದರೆ ತೆಗೆಯಬಹುದು, ಕಷ್ಟವಾದರೂ ದಾರಿಯಿದೆ ಎಂದು ಸಮಾಧಾನ ಹೇಳಿಕೊಂಡು ಎರಡನೆಯ ಸಾಲಿನ ಮೇಲೆ ಕೈಯಾಡಿಸಿದೆ. ಬೆರಳಿಗೆ ಅಕ್ಷರ ಸಿಗಲಿಲ್ಲ. ಮೊದಲ ಹೆಸರನ್ನು ಹಾಗೆಯೇ ಬಿಟ್ಟು, 'ತುರುವಂ ಕೊಳೆ'ಯಿಂದ ಮೂರನೆಯ ಸಾಲಿನ 'ಮಾರಂ'ವರೆಗೆ ಉಳಿಯಿಂದ ಕೆತ್ತಿ, ಸಿಮೆಂಟು ತುಂಬಿ, ಮೇಲೆ ಬಣ್ಣ ಹಚ್ಚಿದ್ದರು. ಉಳಿದದ್ದನ್ನು ಕೂಡಿಸಿ ಓದಿದರೆ, ದನ ಮರಳಿಸಿ ಸತ್ತವನು ಬೊಪ್ಪರಸನೇ. ಯಾವ ಅಕ್ಷರದಿಂದ ಯಾವ ಅಕ್ಷರದವರೆಗೆ ಹೊಡೆಯಬೇಕು ಎಂದು ಕಲ್ಲುಕುಟಿಗನಿಗೆ ತಿಳಿಯುವ ಸಾಧ್ಯತೆಯೇ ಇಲ್ಲ. ಹಳಗನ್ನಡ ಬಲ್ಲವನೊಬ್ಬ ಪಕ್ಕದಲ್ಲಿ ನಿಂತು ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಟ್ಟಿರಬೇಕು.

ಬೊಮ್ಮಕ್ಕ ಪಕ್ಕಕ್ಕೆ ಬಂದಳು. ನನ್ನ ಕೈ ಎಲ್ಲಿದೆ ಎಂದು ನೋಡಿದಳು.

"ಅಲ್ಲೇನಾ ಆ ಹುಡುಗನ ಹೆಸ್ರಿದ್ದಿದ್ದು?"

"ಹೂಂ."

"ಕೆತ್ತಿ ಹಾಕ್ಯಾರಾ?"

"ಹೂಂ ಕಣಮ್ಮ."

ಅವಳು ಊಟದ ಪಂಕ್ತಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ತೆಲುಗಿನಲ್ಲಿ ಒಂದು ಮಾತು ಬಯ್ದಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಪಂಕ್ತಿಯಲ್ಲಿ ಒಂದಿಬ್ಬರು ತಲೆಯೆತ್ತಿದರು, ಮತ್ತೆ ಪಾಯಸಕ್ಕೆ ಬಗ್ಗಿದರು. ಊಟ ಮಾಡದೆ ಇಬ್ಬರೂ ಬಸ್ಸಿನವರೆಗೆ ನಡೆದು ಬಂದೆವು.

ಸಂಬಂಧಪಟ್ಟ ಇಲಾಖೆಗೆ ಫೋಟೋ, ಅಚ್ಚಿನ ಪ್ರತಿ, ಎಲ್ಲ ಸೇರಿಸಿ ದೂರು ಕೊಟ್ಟೆ. ತಿಂಗಳುಗಳ ಮೇಲೆ ಉತ್ತರ ಬಂದಿತು: ಸ್ಥಳ ಪರಿಶೀಲನೆ ನಡೆಸಲಾಗಿದ್ದು, ಶಾಸನದ ಎರಡನೆಯ ಸಾಲು ಅಸ್ಪಷ್ಟವಾಗಿರುವುದು ಕಂಡುಬಂದಿದೆ. ನಾನು ಬರೆಯಲೊಲ್ಲೆ ಎಂದ ಪದವನ್ನು ಉಳಿಯಿಂದ ನಿಜ ಮಾಡಿಬಿಟ್ಟಿದ್ದರು. ಪರಿಶೀಲನೆಗೆ ಬಂದ ಅಧಿಕಾರಿ ಸುಳ್ಳು ಬರೆದಿಲ್ಲ. ಅವನು ಕಂಡದ್ದು ಅದನ್ನೇ.

ಶಾಸನದ ಪಾಠವನ್ನು, ಅಚ್ಚಿನ ಚಿತ್ರದೊಂದಿಗೆ, ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದೆ. ಅಂಥ ಪತ್ರಿಕೆಯನ್ನು ಓದುವವರು ಬೆರಳೆಣಿಕೆಯಷ್ಟು. ಎರಡೂ ಕಡೆಯವರು ಸೇರಿ ಒಂದೇ ಆಗಿ ತಂದ ಸ್ಮಾರಕ ಗ್ರಂಥ ಮಾತ್ರ ಎರಡೂ ತಾಲ್ಲೂಕಿನ ಶಾಲೆಗಳಿಗೆಲ್ಲ ಹೋಯಿತು. ಅದರ ಮುನ್ನುಡಿಯಲ್ಲಿ ರುದ್ರೇಶ 'ಶಾಸನ ಓದಲು ಕಲಿಸಿದ ಗುರುಗಳು' ಎಂದು ನನ್ನ ಹೆಸರು ಹಾಕಿ ಕೃತಜ್ಞತೆ ಸಲ್ಲಿಸಿದ್ದ. ಫೋನ್ ಮಾಡಿ ಹೆಸರು ತೆಗೆಸು ಎಂದೆ. "ಗೌರವಕ್ಕೆ ಹಾಕಿದ್ದು ಮೇಡಂ" ಎಂದ.

ಮಳೆ, ಬಿಸಿಲು, ಟ್ರಾಕ್ಟರು ಇವು ಶಾಸನದ ಶತ್ರುಗಳು ಎಂದು ನಾನು ಬಹಳ ವರ್ಷ ಪಾಠ ಮಾಡಿದ್ದೆ. ಓದು ಬಾರದವರು ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಳ್ಳುತ್ತಾರೆ, ಬೇಲಿಗೆ ನಿಲ್ಲಿಸುತ್ತಾರೆ. ಅಕ್ಷರ ಅಷ್ಟೋ ಇಷ್ಟೋ ಉಳಿದಿರುತ್ತದೆ. ಒಂದು ಪದವನ್ನು ಮಾತ್ರ ಆರಿಸಿ ಕೊಲ್ಲಲು ಓದು ಬರಬೇಕು. ಮುಂದಾಳುಗಳ ಮೇಲೆ ನನಗೆ ಸಿಟ್ಟಿದೆ, ಅಷ್ಟೇ. ಅವರಿಗೆ ಬೇಕಾದದ್ದನ್ನು ಅವರು ಕೇಳಿದರು. ಹೇಸಿಗೆ ಇರುವುದು ಬಲ್ಲವನ ಮೇಲೆ. ಅವನು ಅಜ್ಞಾನದಿಂದ ಮಾಡಲಿಲ್ಲ, ಭಯದಿಂದಲೂ ಮಾಡಲಿಲ್ಲ. ಯಾರ ಮನಸ್ಸನ್ನೂ ನೋಯಿಸದೆ ಎಲ್ಲರಿಗೂ ಬೇಕಾದವನಾಗಿ ಇರಬಹುದು ಎಂಬ ಸಣ್ಣ ಅನುಕೂಲಕ್ಕೆ ಮಾಡಿದ. ವಿದ್ಯೆ ಕಲಿಸುವವರು ವಿದ್ಯೆಯನ್ನಷ್ಟೇ ಕೊಡಬಲ್ಲರು. ಅದನ್ನು ಹಿಡಿಯುವ ಕೈ ಎಂಥದು ಎಂದು ಮೊದಲೇ ತಿಳಿಯುವ ವಿದ್ಯೆ ನನಗೆ ಸಿದ್ಧಿಸಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ರುದ್ರೇಶ ಸಿಕ್ಕ. ಜೊತೆಗೆ ಅವನ ಇಬ್ಬರು ವಿದ್ಯಾರ್ಥಿಗಳಿದ್ದರು. "ನಮ್ಮ ಮೇಡಂ ಕಣ್ರೋ" ಎಂದು ಅವರಿಗೆ ಹೇಳಿ, ಜನರ ನಡುವೆಯೇ ನಮಸ್ಕರಿಸಲು ಬಗ್ಗಿದ. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. ಅವನ ಕೈ ನಿಲ್ದಾಣದ ನೆಲವನ್ನು ಮುಟ್ಟಿತು.